ಲಾರಿಯ ಸೈಲೆನ್ಸರಿಗೆ ಕೈಹಾಕುವ ಮುನ್ನ: ಯಾವ ಮಾರ್ಪಾಡಿಗೆ ಕಾನೂನು ಒಪ್ಪುತ್ತದೆ, ಯಾವುದು ಕೆಲಸಕ್ಕೆ ಬರುತ್ತದೆ

ಬಿಎಸ್ 6 (ಈಗಿನ ಮಾಲಿನ್ಯ ಮಾನದಂಡ) ಲಾರಿಯ ವಾರಂಟಿ ಮುಗಿಯುತ್ತಾ ಬಂದಂತೆ ಬಹಳಷ್ಟು ಮಾಲೀಕರು ಒಂದೇ ಗೊಂದಲಕ್ಕೆ ಬಂದು ನಿಲ್ಲುತ್ತಾರೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್‌ನ ದೀಪ ಪದೇ ಪದೇ ಹೊತ್ತಿಕೊಳ್ಳುತ್ತದೆ, ಘಾಟಿಯಲ್ಲಿ ಪಿಕಪ್ ಸಾಲದು ಎನ್ನಿಸುತ್ತದೆ, ಹೊಗೆಯಲ್ಲಿನ ವಿಷಾನಿಲ ತಗ್ಗಿಸಲು ಹಾಕುವ ಯೂರಿಯಾ ದ್ರಾವಣವಾದ ಆಡ್‌ಬ್ಲೂ ಖರ್ಚು ತಿಂಗಳ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಕಂಪನಿಯ ಸರ್ವೀಸ್ ಸೆಂಟರಿನವರು ದೊಡ್ಡ ಎಸ್ಟಿಮೇಟ್ ಕೊಟ್ಟರೆ, ಹೆದ್ದಾರಿ ಬದಿಯ ಗ್ಯಾರೇಜಿನವರು ಅದರ ಸಣ್ಣ ಪಾಲಿಗೆ ಎಲ್ಲವನ್ನೂ ತೆಗೆದುಬಿಡೋಣ ಎನ್ನುತ್ತಾರೆ. ಹಳೆಯ ಬಿಎಸ್ 3, ಬಿಎಸ್ 4 ಗಾಡಿ ಇಟ್ಟವರ ಪ್ರಶ್ನೆ ಬೇರೆ: ತುಕ್ಕು ಹಿಡಿದು ತೂತಾದ ಸೈಲೆನ್ಸರಿಗೆ ಪ್ಯಾಚ್ ಹಾಕಿಸುವುದೋ, ಲೋಕಲ್ ಸೈಲೆನ್ಸರ್ ಕೂರಿಸುವುದೋ, ಕಂಪನಿಯದ್ದನ್ನೇ ತರಿಸುವುದೋ? ಚಿಕ್ಕ ವಯಸ್ಸಿನ ಮಾಲೀಕರಲ್ಲಿ ಕೆಲವರಿಗೆ ಕ್ಯಾಬಿನ್ ಹಿಂದೆ ಮೇಲೆದ್ದು ನಿಂತ ಕ್ರೋಮ್ ಪೈಪಿನ ಆಸೆ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಎಕ್ಸಾಸ್ಟಿನಲ್ಲಿ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಬಹುಪಾಲು ಎಕ್ಸಾಸ್ಟಿನಲ್ಲಿ ಹುಟ್ಟಿದವಲ್ಲ. ಇಂಜೆಕ್ಟರ್, ಟರ್ಬೊ, ಏರ್ ಫಿಲ್ಟರ್, ಆಯಿಲ್ ಅಥವಾ ಗಾಡಿ ಓಡಿಸುವ ರೀತಿಯಲ್ಲಿ ಅವುಗಳ ಮೂಲವಿರುತ್ತದೆ. ಆದ್ದರಿಂದ ಯಾವ ಪೈಪು ಹಾಕಿಸಬೇಕು ಎಂದು ಕೇಳುವ ಮೊದಲು ಯಾವ ಕಾರಣಕ್ಕೆ ಹಾಕಿಸಬೇಕಾಗಿದೆ ಎಂದು ಕೇಳಿಕೊಳ್ಳಬೇಕು.

ಯಾವ ಅಳತೆಗೋಲಿನಿಂದ ನೋಡಬೇಕು

ಪ್ರತಿ ಆಯ್ಕೆಯನ್ನೂ ನಾಲ್ಕು ಕಡೆಯಿಂದ ತೂಗಬೇಕು. ಅದು ಮೋಟಾರು ವಾಹನ ಕಾಯ್ದೆಗೆ ಸಲ್ಲುತ್ತದೆಯೇ ಎಂಬುದು ಮೊದಲನೆಯದು. ಗಾಡಿಯ ನಿಜವಾದ ದೋಷವನ್ನು ಅದು ನೀಗಿಸುತ್ತದೆಯೋ ಮುಚ್ಚಿಡುತ್ತದೆಯೋ ಎಂಬುದು ಎರಡನೆಯದು. ಮೂರನೆಯದು ಒಟ್ಟು ಖರ್ಚು. ಅಂದರೆ ಗ್ಯಾರೇಜಿನ ಬಿಲ್ಲಿನ ಜೊತೆಗೆ ಮುಂದಿನ ಎಫ್‌ಸಿ (ಗಾಡಿಯ ಯೋಗ್ಯತಾ ಪ್ರಮಾಣಪತ್ರ), ವಾರಂಟಿ, ವಿಮೆ ಮತ್ತು ಮರುಮಾರಾಟದ ಬೆಲೆ. ಕೊನೆಯದು ಡ್ರೈವರ್‌, ಕ್ಲೀನರ್‌ಗಳ ಸುರಕ್ಷತೆ. ಇದನ್ನು ಕೊನೆಗೆ ಇಟ್ಟಿದ್ದೇನಾದರೂ ಸೈಲೆನ್ಸರಿನ ವಿಷಯದಲ್ಲಿ ಇದರ ತೂಕ ಮಾಲೀಕರು ಎಣಿಸುವುದಕ್ಕಿಂತ ಹೆಚ್ಚು.

ಕಾನೂನಿನ ಮಾತನ್ನು ಸ್ವಲ್ಪ ವಿವರವಾಗಿ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವ ಬದಲಾವಣೆಗೆ ಅವಕಾಶವಿಲ್ಲವೆಂದು ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಮಾಲೀಕರನ್ನು ಹೆಸರಿಸಿಯೇ ಹೇಳುತ್ತದೆ: ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದ ವಾಹನವನ್ನು ಓಡಿಸುವವರಿಗೂ ಓಡಿಸಲು ಬಿಡುವವರಿಗೂ 190ನೇ ಕಲಮಿನ ಎರಡನೇ ಉಪಕಲಂ ಅನ್ವಯಿಸುತ್ತದೆ. ಅದರಡಿ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದ್ದು, ಅದರ ಮೇಲೆ ಮೂರು ತಿಂಗಳ ಕಾಲ ಲೈಸೆನ್ಸಿಗೆ ಅನರ್ಹತೆಯೂ ಬರುತ್ತದೆ. ಮಾಲೀಕರು ಹಾಕಿಸಿದ ಪೈಪಿಗೆ ಡ್ರೈವರಿನ ಮೂರು ತಿಂಗಳ ದುಡಿಮೆ ಹೋಗುವ ಈ ಸಾಧ್ಯತೆಯನ್ನು ಯಾರೂ ಹಗುರವಾಗಿ ಕಾಣಬಾರದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಎಕ್ಸಾಸ್ಟಿಗೆ ನೇರವಾಗಿ ಸಂಬಂಧಿಸಿದವು ನಾಲ್ಕಾರಿವೆ. ಸಾಮಾನ್ಯ ಗಾಡಿಗಳ ಮಟ್ಟಿಗೆ ಹೊಗೆ ಕೆಳಕ್ಕಾಗಲಿ ಎಡಬದಿಗಾಗಲಿ ಬೀಳಬಾರದು, ಹಿಂದಕ್ಕೆ ಅಥವಾ ಬಲಕ್ಕೆ ಹೋಗಬೇಕು ಎನ್ನುತ್ತದೆ 112ನೇ ನಿಯಮ. ಡೀಸೆಲ್ ಪೈಪಿನಿಂದ 35 ಮಿಲಿಮೀಟರ್ ಒಳಗೆ ಎಕ್ಸಾಸ್ಟ್ ಪೈಪು ಹಾಯಬಾರದು ಎನ್ನುವುದು 113ನೇ ನಿಯಮ. ಹೊಗೆಯ ಮಿತಿ 115ರಲ್ಲಿದೆ. ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕು ಎಂಬ ಮಾತು 120ರಲ್ಲಿದೆ. ಇನ್ನು 3.5 ಟನ್ ಮೀರಿದ ಸರಕು ವಾಹನಗಳು ತಯಾರಾಗಿ ಹೊರಬರುವಾಗ ಪಾಲಿಸಬೇಕಾದ ಶಬ್ದದ ಮಿತಿ ಎಂಜಿನ್ ಬಲವನ್ನು ಅನುಸರಿಸಿ 77ರಿಂದ 80 ಡೆಸಿಬೆಲ್ ಇದೆ. ಸೈಲೆನ್ಸರಿನ ಒಳಗಿನ ತಡೆಗಳನ್ನು ಕಿತ್ತ ಗಾಡಿ ಈ ಮಿತಿಯೊಳಗೆ ಉಳಿಯುವುದಿಲ್ಲ.

ಇರುವುದನ್ನೇ ಸರಿಪಡಿಸುವುದು

ಬಿಎಸ್ 6 ಗಾಡಿಗೆ ನಾನು ಮೊದಲು ಸೂಚಿಸುವ ದಾರಿ ಇದೇ. ಇದಕ್ಕೆ ಕಾನೂನಿನ ತೊಡಕೇ ಇಲ್ಲ. ಖರ್ಚು ಮಾತ್ರ ದೋಷ ಎಲ್ಲಿದೆ ಎಂಬುದರ ಮೇಲೆ ಸಾವಿರಗಳಿಂದ ಲಕ್ಷದವರೆಗೂ ಹೋಗಬಹುದು. ಆದ್ದರಿಂದ ಒಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಂಡು ಕೆಲಸ ಕೊಡುವುದು ಲಾಭ.

ಡಿಪಿಎಫ್ ಎಂದರೆ ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವ ಪಿಂಗಾಣಿಯ ಜರಡಿ. ಗಾಡಿ ಹೆದ್ದಾರಿಯಲ್ಲಿ ಲೋಡ್ ಹೊತ್ತು ಒಂದೇ ವೇಗದಲ್ಲಿ ಓಡುವಾಗ ಮಸಿ ತಾನಾಗಿಯೇ ಉರಿದುಹೋಗುತ್ತದೆ. ಅಷ್ಟು ಬಿಸಿ ಸಿಗದಿದ್ದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಬಳಸಿ ಒಳಗಿನ ತಾಪವನ್ನು 550–600 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಏರಿಸಿ ಮಸಿಯನ್ನು ಸುಡುತ್ತದೆ. ಇದನ್ನೇ ರೀಜನರೇಷನ್ ಎನ್ನುವುದು. ದೀಪ ಹೊತ್ತಿದಾಗ ಗಾಡಿ ನಿಲ್ಲಿಸಿ ರೀಜನರೇಷನ್ ಬಟನ್ ಒತ್ತಿ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಕಾಯುವ ಬದಲು ಅರ್ಧದಲ್ಲೇ ಎಂಜಿನ್ ಆಫ್ ಮಾಡಿ ಹೊರಟರೆ, ಮಸಿ ಕೂಡುತ್ತಾ ಹೋಗಿ ಕೊನೆಗೆ ಸರ್ವೀಸ್ ಸೆಂಟರಿನ ಯಂತ್ರವೇ ಬೇಕಾಗುತ್ತದೆ. ಹೀಗೆ ನಿಂತು ಸುಡುವಾಗ ಗಾಡಿಯ ಕೆಳಗೆ ಒಣಹುಲ್ಲು, ಭತ್ತದ ಹುಲ್ಲಿನ ಬಣವೆ, ಕಬ್ಬಿನ ತರಗು ಇರಬಾರದು; ಪೆಟ್ರೋಲ್ ಬಂಕಿನ ಅಂಗಳದಲ್ಲಂತೂ ಮಾಡಲೇಬಾರದು.

ಮಸಿ ಬೇರೆ, ಬೂದಿ ಬೇರೆ. ಎಂಜಿನ್ ಆಯಿಲ್ ಉರಿದು ಉಳಿಯುವ ಬೂದಿ ಎಷ್ಟು ಬಿಸಿ ಮಾಡಿದರೂ ಸುಡುವುದಿಲ್ಲ. ಡಿಪಿಎಫ್ ಬಿಚ್ಚಿ, ಯಂತ್ರದಲ್ಲಿ ಗಾಳಿ ಹಾಯಿಸಿ, ಬೇಕಾದರೆ ಓವನಿನಲ್ಲಿ ಕಾಯಿಸಿ ಅದನ್ನು ತೆಗೆಯಬೇಕು. ಕಂಪನಿ ಹೇಳಿದ ಕಡಿಮೆ ಬೂದಿಯ ದರ್ಜೆಯ ಆಯಿಲ್ ಬಿಟ್ಟು ಅಗ್ಗದ ಹಳೆಯ ದರ್ಜೆಯದ್ದನ್ನು ಹಾಕಿದರೆ ಈ ಕೆಲಸ ಬೇಗ ಬೇಗ ಬರುತ್ತದೆ. ವಾಟರ್ ಸರ್ವೀಸಿನ ಪ್ರೆಶರ್ ಗನ್ನಿನಿಂದ ಡಿಪಿಎಫ್ ತೊಳೆಸುವವರಿದ್ದಾರೆ. ಒಳಗಿನ ಲೇಪನವೂ ಪಿಂಗಾಣಿಯ ಗೋಡೆಗಳೂ ಹಾಳಾಗುವ ಆ ಕೆಲಸವನ್ನು ದಯವಿಟ್ಟು ಮಾಡಿಸಬೇಡಿ.

ಕ್ಲೀನ್ ಮಾಡಿಸಿದ ಸ್ವಲ್ಪ ದಿನಕ್ಕೇ ದೀಪ ಮತ್ತೆ ಬಂದರೆ ಮಸಿ ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಸೋರುವ ಇಂಜೆಕ್ಟರ್, ಆಯಿಲ್ ಬಿಡುವ ಟರ್ಬೊ ಸೀಲ್, ಕಟ್ಟಿಕೊಂಡ ಏರ್ ಫಿಲ್ಟರ್, ಬಿರುಕು ಬಿಟ್ಟ ಟರ್ಬೊ ಹೋಸ್, ಇವುಗಳಲ್ಲಿ ಯಾವುದಾದರೂ ಒಂದು ಸಿಕ್ಕೇ ಸಿಗುತ್ತದೆ. ಪಿಕಪ್ ಕಡಿಮೆಯಾಗಲು ಮತ್ತು ಮೈಲೇಜ್ ಇಳಿಯಲು ಕಾರಣವೂ ಸಾಮಾನ್ಯವಾಗಿ ಇವೇ.

ಹಳೆಯ ಗಾಡಿಗೆ: ಪ್ಯಾಚ್, ಲೋಕಲ್, ಒರಿಜಿನಲ್

ಬಿಎಸ್ 3 ಗಾಡಿಗಳಲ್ಲಿ ಡಿಪಿಎಫ್ ಇರುವುದಿಲ್ಲ. ಹಲವು ಬಿಎಸ್ 4 ಗಾಡಿಗಳಲ್ಲಿ ಆಡ್‌ಬ್ಲೂ ವ್ಯವಸ್ಥೆ ಇದೆ, ಇನ್ನು ಕೆಲವಲ್ಲಿ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನಿಗೆ ಕಳಿಸುವ ಇಜಿಆರ್ ಇದೆ. ಇಲ್ಲಿ ಆಯ್ಕೆಗೆ ನಿಜವಾಗಿಯೂ ಅವಕಾಶವಿದೆ. ತೂತು ಸೈಲೆನ್ಸರಿನ ಹೊರಮೈಯಲ್ಲಿ ಒಂದೆರಡು ಕಡೆ ಮಾತ್ರ ಇದ್ದರೆ ವೆಲ್ಡಿಂಗ್ ಸಾಕು, ಅದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ತುಕ್ಕು ಒಳಗಿನಿಂದ ತಿಂದು ಹಾಕಿದ್ದರೆ ಪ್ಯಾಚಿನ ಪಕ್ಕದಲ್ಲೇ ಹೊಸ ತೂತು ಬೀಳುತ್ತದೆ; ಆಗ ಬದಲಿಸುವುದೇ ಲೇಸು.

ಅದೇ ಮಾಡೆಲಿಗೆಂದು, ಅದೇ ಅಳತೆ ಮತ್ತು ಒಳರಚನೆಯಲ್ಲಿ ಬರುವ ಬೇರೆ ಕಂಪನಿಯ ಸೈಲೆನ್ಸರ್ ಹಾಕಿಸಬಹುದು. ಐದಾರು ವರ್ಷ ಇಟ್ಟುಕೊಳ್ಳುವ ಉದ್ದೇಶವಿದ್ದರೆ ಒರಿಜಿನಲ್‌ಗೆ ಕೊಡುವ ಹೆಚ್ಚುವರಿ ಹಣ ವ್ಯರ್ಥವಲ್ಲ, ಏಕೆಂದರೆ ಅದರ ತಗಡಿನ ದಪ್ಪ ಮತ್ತು ಬ್ರಾಕೆಟ್ಟುಗಳ ಹೊಂದಾಣಿಕೆ ಚೆನ್ನಾಗಿರುತ್ತದೆ. ವರ್ಷ ಎರಡು ವರ್ಷದಲ್ಲಿ ಕೈಬಿಡುವ ಗಾಡಿಗೆ ಲೋಕಲ್ ಸಾಕು. ಆದರೆ ಕೊಳ್ಳುವಾಗ ಅಲ್ಲಾಡಿಸಿ ನೋಡಿ, ಬರಿದಾದ ಡಬ್ಬವೇ ಅಥವಾ ಒಳಗೆ ತೂತಿನ ಕೊಳವೆ, ತಡೆಗಳಿವೆಯೇ ಎಂದು ಕೇಳಿ. ಖಾಲಿ ಡಬ್ಬ ಅಗ್ಗಕ್ಕೆ ಸಿಗುತ್ತದೆ, ಅದು 120ನೇ ನಿಯಮದ ಉದ್ದೇಶವನ್ನು ಮಾತ್ರ ಈಡೇರಿಸುವುದಿಲ್ಲ. ಎಮಿಷನ್ ಟೆಸ್ಟಿನಲ್ಲಿ ಬಿಎಸ್ 4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ 65 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಮಾನ), ಬಿಎಸ್ 4 ಗಾಡಿಗೆ 50 ಎಚ್‌ಎಸ್‌ಯು ಮಿತಿ ಇದೆ. ಹೊಸ ಸೈಲೆನ್ಸರ್ ಹಾಕಿದ್ದರಿಂದ ಈ ಅಂಕಿ ಇಳಿಯುವುದಿಲ್ಲ, ಅದಕ್ಕೆ ಪಂಪ್ ಮತ್ತು ಇಂಜೆಕ್ಟರನ್ನೇ ನೋಡಬೇಕು.

ಘಾಟಿ ದಾರಿಯವರು ಇನ್ನೊಂದನ್ನು ಗಮನಿಸಬೇಕು. ಎಕ್ಸಾಸ್ಟ್ ಬ್ರೇಕ್ ಕೆಲಸ ಮಾಡುವುದು ಟರ್ಬೊ ದಾಟಿದ ಮೇಲೆ ಪೈಪಿನಲ್ಲಿರುವ ಒಂದು ಕವಾಟ ಮುಚ್ಚಿಕೊಂಡು ಹೊಗೆಯ ಒತ್ತಡ ಎಂಜಿನನ್ನು ಹಿಡಿದಿಡುವುದರಿಂದ. ಆ ಕವಾಟಕ್ಕಿಂತ ಮುಂಚಿನ ಜೋಡಣೆಯಲ್ಲಿ ಗ್ಯಾಸ್ಕೆಟ್ ಸೋರಿದರೆ ಒತ್ತಡ ನಿಲ್ಲುವುದಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಲೋಡ್ ಗಾಡಿಯಲ್ಲಿ ಇದರ ಪರಿಣಾಮವೆಂದರೆ ಕಾಲಿನ ಬ್ರೇಕಿನ ಮೇಲೆ ಭಾರ ಹೆಚ್ಚಿ ಡ್ರಮ್ ಕಾಯುವುದು. ಜೋಡಣೆಯ ಸುತ್ತ ಕಪ್ಪು ಗೆರೆಯಂತೆ ಮಸಿ ಹರಡಿದ್ದರೆ ಅಲ್ಲಿ ಸೋರಿಕೆ ಇದೆ ಎಂದೇ ಅರ್ಥ. ಅದೇ ಸೋರಿಕೆ ಕ್ಯಾಬಿನ್ ಕೆಳಗಿದ್ದರೆ, ಗಾಜು ಏರಿಸಿ ಎಂಜಿನ್ ಚಾಲೂ ಇಟ್ಟು ಮಲಗುವ ಡ್ರೈವರಿಗೆ ಕಾರ್ಬನ್ ಮಾನಾಕ್ಸೈಡಿನ ಅಪಾಯವೂ ಇದೆ. ಇಷ್ಟಕ್ಕೂ ಬೇಕಾಗುವುದು ಒಂದು ಗ್ಯಾಸ್ಕೆಟ್ ಅಥವಾ ಒಂದು ಫ್ಲೆಕ್ಸಿಬಲ್ ಪೈಪ್. ಇದನ್ನು ಮುಂದೂಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ನೇರ ಪೈಪು ಮತ್ತು ಮೇಲೆದ್ದ ಪೈಪು

ಸೈಲೆನ್ಸರ್ ತೆಗೆದು ನೇರ ಪೈಪು ಹಾಕಿದರೆ ಪಿಕಪ್ ಬರುತ್ತದೆ ಎಂಬ ನಂಬಿಕೆಯಲ್ಲಿ ಒಂದು ಎಳೆಯಷ್ಟು ಸತ್ಯವಿದೆ. ಹೊಗೆ ಸರಾಗವಾಗಿ ಹೊರಹೋದರೆ ಟರ್ಬೊ ಎಂಜಿನಿಗೆ ಅನುಕೂಲವೇ. ಆದರೆ ಕಂಪನಿಯ ಸೈಲೆನ್ಸರನ್ನು ಆ ಎಂಜಿನಿನ ಹೊಗೆಯ ಪ್ರಮಾಣಕ್ಕೆ ಲೆಕ್ಕ ಹಾಕಿಯೇ ಮಾಡಿರುತ್ತಾರೆ, ಡೀಸೆಲ್ ಎಷ್ಟು ಹೋಗಬೇಕೆಂಬುದನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಎಂ ತೀರ್ಮಾನಿಸುತ್ತದೆ. ಹಾಗಾಗಿ ಪೈಪು ಮಾತ್ರ ಬದಲಿಸಿದರೆ ಸಿಗುವ ಲಾಭ ಲೋಡಿನಲ್ಲಿ ಗೊತ್ತಾಗುವಷ್ಟಿರುವುದಿಲ್ಲ. ಶಬ್ದ ಜೋರಾದಾಗ ಗಾಡಿ ಜೋರಾಯಿತೆಂದು ಕಿವಿಗೆ ಅನ್ನಿಸುತ್ತದೆ, ಅಷ್ಟೆ. ಕಾನೂನಿನ ಕಡೆಯಿಂದ ಇದು ನೇರ ಉಲ್ಲಂಘನೆ, ರಾತ್ರಿ ಊರು ಹಾಯುವಾಗ ಜನರಿಗೆ ಕೊಡುವ ಹಿಂಸೆಯಂತೂ ಲೆಕ್ಕಕ್ಕೇ ಸಿಗದು. ಯಾವ ಬಜೆಟ್ಟಿನವರಿಗೂ ಇದನ್ನು ನಾನು ಸೂಚಿಸಲಾರೆ.

ಮೇಲೆದ್ದ ಕ್ರೋಮ್ ಪೈಪಿನ ಆಸೆ ಹುಟ್ಟುವುದು ಹೆಚ್ಚಾಗಿ ಅಮೆರಿಕದ ಟ್ರಕ್ಕುಗಳ ವಿಡಿಯೋ ನೋಡಿ. ಅಲ್ಲಿ ಆ ಪೈಪು ಹಲವು ಗಾಡಿಗಳಿಗೆ ಕಾರ್ಖಾನೆಯಿಂದಲೇ ಬರುತ್ತದೆ, ಮಾಲಿನ್ಯ ನಿಯಂತ್ರಣದ ಭಾಗಗಳನ್ನು ಕಿತ್ತುಹಾಕುವುದು ಅಲ್ಲಿಯೂ ಕೇಂದ್ರ ಕಾನೂನಿನಡಿ ನಿಷಿದ್ಧವೇ. ನಮ್ಮಲ್ಲಿ ತಯಾರಕರೇ ಆ ಮಾಡೆಲಿಗೆ ಒದಗಿಸಿದ್ದರೆ ಸರಿ. ಇಲ್ಲವಾದರೆ ಪೈಪಿನ ದಾರಿ ಬದಲಿಸುವಾಗ ಸೆನ್ಸರುಗಳ ಜಾಗ ತಪ್ಪುತ್ತದೆ, ಬಿಸಿ ಪೈಪು ಕ್ಯಾಬಿನ್ ಮತ್ತು ಟಾರ್ಪಾಲಿನ ಹತ್ತಿರ ಬರುತ್ತದೆ, ಮಳೆನೀರು ಒಳಗಿಳಿಯುತ್ತದೆ. ಹುಲ್ಲು, ಹತ್ತಿ, ತೆಂಗಿನ ನಾರು ಸಾಗಿಸುವವರಿಗೆ ಇದು ಬೆಂಕಿಯ ಅಪಾಯ. ಅಂದ ಬೇಕೇಬೇಕೆಂದರೆ, ವ್ಯಾಸವನ್ನೂ ಹೊಗೆಯ ದಿಕ್ಕನ್ನೂ ಬದಲಿಸದ ಒಂದು ಸ್ಟೀಲ್ ತುದಿಯನ್ನು ಹಾಕಿಸಿಕೊಂಡು ಅಲ್ಲಿಗೆ ನಿಲ್ಲಿಸುವುದು ಒಳಿತು.

ಡಿಪಿಎಫ್ ತೆಗೆಸುವುದು, ಎಮ್ಯುಲೇಟರ್ ಕೂರಿಸುವುದು

ಅತಿ ಹೆಚ್ಚು ಆಮಿಷ ಇರುವುದು ಇಲ್ಲಿ, ಆದ್ದರಿಂದ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡೋಣ. ತಿಂಗಳಿಗೆ 10,000 ಕಿಲೋಮೀಟರ್ ಓಡುವ, ಲೀಟರಿಗೆ 4 ಕಿಲೋಮೀಟರ್ ಕೊಡುವ ಲಾರಿಗೆ 2,500 ಲೀಟರ್ ಡೀಸೆಲ್ ಬೇಕು. ಆಡ್‌ಬ್ಲೂ ಡೀಸೆಲಿನ ಶೇಕಡಾ 5ರಷ್ಟು ಎಂದು ಹಿಡಿದರೆ 125 ಲೀಟರ್. ಲೀಟರಿಗೆ 60 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 7,500 ರೂಪಾಯಿ. ಡೀಸೆಲ್ 90 ರೂಪಾಯಿಯಂತೆ 2,25,000 ಆಗುವ ಕಡೆ ಇದು ಅದರ ಶೇಕಡಾ 3ರ ಆಸುಪಾಸು. ಆಡ್‌ಬ್ಲೂ ಟ್ಯಾಂಕ್ ತುಂಬಿದೆ, ಎಲ್ಲವೂ ಸರಿಯಿದೆ ಎಂದು ಇಸಿಎಂಗೆ ಸುಳ್ಳು ಸಂದೇಶ ಕೊಡುವ ಎಮ್ಯುಲೇಟರ್ ಹಾಕಿದವರು ಉಳಿಸುವುದು ಈ ಮೊತ್ತವನ್ನು. ಒಮ್ಮೆಯೂ ಸಿಕ್ಕಿಬೀಳದಿದ್ದರೆ ವರ್ಷದ ಉಳಿತಾಯ ದಂಡಕ್ಕಿಂತ ದೊಡ್ಡದೇ ಎಂಬುದು ನಿಜ. ಅದನ್ನು ಮರೆಮಾಚಿ ಬುದ್ಧಿ ಹೇಳುವುದರಲ್ಲಿ ಅರ್ಥವಿಲ್ಲ.

ತಕ್ಕಡಿಯ ಇನ್ನೊಂದು ಕಡೆ ಇರುವುದು ದಂಡವೊಂದೇ ಅಲ್ಲ. ಎಮ್ಯುಲೇಟರ್ ಸಿಕ್ಕ ದಿನ ಎಂಜಿನ್ ಮತ್ತು ಎಕ್ಸಾಸ್ಟಿನ ವಾರಂಟಿ ಕೈಬಿಡುತ್ತದೆ. ಬಳಸದೆ ಬಿಟ್ಟ ಪಂಪ್ ಮತ್ತು ನಳಿಕೆಯಲ್ಲಿ ಯೂರಿಯಾ ಹರಳುಗಟ್ಟಿ ಮತ್ತೆ ಚಾಲೂ ಮಾಡಲು ಬಾರದಂತಾಗುತ್ತದೆ. ಡಿಪಿಎಫ್ ಕತ್ತರಿಸಿ ಗುಜರಿಗೆ ಹಾಕಿದವರು ಅದನ್ನು ಮರಳಿ ಕೂರಿಸಬೇಕಾದಾಗ ಲಕ್ಷದ ಲೆಕ್ಕ ಹೇಳುತ್ತಾರೆ. ಬೆಂಕಿ ಅವಘಡವಾದರೆ ವಿಮೆಯ ಸರ್ವೇಯರ್ ಮೊದಲು ಕೇಳುವ ಪ್ರಶ್ನೆಗಳಲ್ಲಿ ಮಾರ್ಪಾಡೂ ಒಂದು. ಲಾರಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಇರುವುದರಿಂದ ಈ ಭಯ ಒಂದು ಸಲಕ್ಕೆ ಮುಗಿಯುವಂಥದ್ದೂ ಅಲ್ಲ.

ಎಮಿಷನ್ ಟೆಸ್ಟಿನಲ್ಲಿ ಪಾಸಾಯಿತಲ್ಲ ಎಂಬ ಸಮರ್ಥನೆಯನ್ನು ಹಲವರು ಕೊಡುತ್ತಾರೆ. ಡೀಸೆಲ್ ಗಾಡಿಯ ಆ ಪರೀಕ್ಷೆ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ. ಆಡ್‌ಬ್ಲೂ ತಗ್ಗಿಸುವ ನೈಟ್ರೋಜನ್ ಆಕ್ಸೈಡುಗಳು ಕಣ್ಣಿಗೆ ಕಾಣದಷ್ಟು ತೆಳು ಹೊಗೆಯಲ್ಲಿಯೂ ಇರಬಹುದು. ಯಂತ್ರ ಅವನ್ನು ಲೆಕ್ಕಿಸುವುದೇ ಇಲ್ಲ. ಭಾರಿ ಡೀಸೆಲ್ ಎಂಜಿನುಗಳಿಗೆ ಬಿಎಸ್ 4ರಲ್ಲಿ ಪ್ರತಿ ಕಿಲೋವ್ಯಾಟ್ ಗಂಟೆಗೆ 3.5 ಗ್ರಾಂ ಇದ್ದ ಈ ಅನಿಲದ ಮಿತಿ, 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6ರಲ್ಲಿ ಅರ್ಧ ಗ್ರಾಂಗಿಂತ ಕೆಳಗಿಳಿದಿದೆ. ಒಂದು ಎಮ್ಯುಲೇಟರ್ ಆ ಇಡೀ ಪ್ರಯತ್ನವನ್ನು ಆ ಗಾಡಿಯ ಮಟ್ಟಿಗೆ ಅಳಿಸಿಹಾಕುತ್ತದೆ. ಅದನ್ನು ದಿನವಿಡೀ ಉಸಿರಾಡುವವರು ಟೋಲ್ ಬೂತಿನಲ್ಲಿ ನಿಂತ ನೌಕರರು, ಯಾರ್ಡಿನ ಹಮಾಲರು, ಪಕ್ಕದ ಗಾಡಿಯ ಡ್ರೈವರುಗಳು.

ಆಡ್‌ಬ್ಲೂ ಖರ್ಚು ಇಳಿಸಲು ರಸಗೊಬ್ಬರದ ಯೂರಿಯಾ ಕಲಸುವುದು ಇನ್ನೂ ಕೆಟ್ಟ ಆಯ್ಕೆ. ಆಡ್‌ಬ್ಲೂ ಎಂದರೆ ಶೇಕಡಾ 32.5ರ ಶುದ್ಧ ಯೂರಿಯಾ ದ್ರಾವಣ. ಬೇವಿನ ಎಣ್ಣೆ ಲೇಪಿಸಿದ ಗೊಬ್ಬರದಲ್ಲಿನ ಕಲ್ಮಶ ನಳಿಕೆಯ ಬಾಯಿಗೆ ಬಿಳಿ ಹರಳಾಗಿ ಕಟ್ಟಿ, ವಿಷಾನಿಲವನ್ನು ತಗ್ಗಿಸುವ ಕೆಟಲಿಸ್ಟನ್ನು ಹಾಳುಮಾಡುತ್ತದೆ. ಆಮೇಲೆ ಗಾಡಿ ಮೊದಲು ಎಚ್ಚರಿಕೆ ಕೊಟ್ಟು, ನಂತರ ಎಂಜಿನ್ ಬಲವನ್ನು ತಗ್ಗಿಸಿ, ಕೊನೆಗೆ ಆಮೆನಡಿಗೆಗೆ ಇಳಿದುಬಿಡುತ್ತದೆ. ಬಿಲ್ ಕೊಡುವ ಅಂಗಡಿಯಿಂದ ಸೀಲ್ ಇರುವ ಬಕೆಟ್ ಕೊಳ್ಳುವುದು, ಐದಾರು ಗಾಡಿ ಇರುವವರು ಸಾಂದ್ರತೆ ನೋಡುವ ರಿಫ್ರಾಕ್ಟೋಮೀಟರ್ ಒಂದನ್ನು ಇಟ್ಟುಕೊಳ್ಳುವುದು ನಿಜವಾದ ಉಳಿತಾಯ.

ಟ್ಯಾಂಕರಿನವರಿಗೆ ಸ್ಪಾರ್ಕ್ ಅರೆಸ್ಟರ್

ಕಾನೂನೇ ಕೇಳುವ ಮಾರ್ಪಾಡು ಇದೊಂದು. ಪೆಟ್ರೋಲಿಯಂ ಡಿಪೊ, ರಿಫೈನರಿ, ಎಲ್‌ಪಿಜಿ ತುಂಬುವ ಘಟಕಗಳಿಗೆ ಹೋಗುವ ಗಾಡಿಯ ಎಕ್ಸಾಸ್ಟಿನಿಂದ ಕಿಡಿ ಹಾರದಂತೆ ಅರೆಸ್ಟರ್ ಇರಬೇಕು. ಮಂಗಳೂರಿನ ಎಂಆರ್‌ಪಿಎಲ್ ಇರಲಿ, ಹೊಸಕೋಟೆ ಕಡೆಯ ದೇವನಗೊಂದಿ ಇರಲಿ, ಗೇಟಿನಲ್ಲೇ ನೋಡುತ್ತಾರೆ. ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆಯಾದ ಪೆಸೊ ಅನುಮೋದನೆಯ ಗುರುತಿರುವುದನ್ನು, ನಿಮ್ಮ ಪೈಪಿನ ವ್ಯಾಸಕ್ಕೆ ಸರಿಯಾದುದನ್ನು ಕೊಳ್ಳಿ. ಸಣ್ಣ ಅಳತೆಯದ್ದನ್ನು ಬಿಗಿದರೆ ಹೊಗೆಗೆ ತಡೆಯಾಗುತ್ತದೆ, ಮಸಿ ಕಟ್ಟಿದ್ದನ್ನು ಬಿಚ್ಚಿ ತೊಳೆಯದಿದ್ದರೂ ಹಾಗೆಯೇ.

ಯಾರಿಗೆ ಯಾವುದು

ಹುಬ್ಬಳ್ಳಿ, ಪುಣೆ, ಮುಂಬೈ ಕಡೆಗೆ ಉದ್ದದ ಲೈನ್ ಹೊಡೆಯುವ ಬಿಎಸ್ 6 ಲಾರಿಗೆ ಏನನ್ನೂ ಬದಲಿಸುವ ಅಗತ್ಯವಿಲ್ಲ. ಸರಿಯಾದ ಆಯಿಲ್, ಒಳ್ಳೆಯ ಆಡ್‌ಬ್ಲೂ, ಹೊತ್ತಿಗೆ ಸರಿಯಾಗಿ ಫಿಲ್ಟರ್ ಇದ್ದರೆ ಡಿಪಿಎಫ್ ತನ್ನ ಪಾಡಿಗೆ ಇರುತ್ತದೆ. ನಿಜವಾದ ಕಷ್ಟ ಬೆಂಗಳೂರಿನೊಳಗೆ ಓಡಾಡುವ ಕಾಂಕ್ರೀಟ್ ಮಿಕ್ಸರ್ ಮತ್ತು ಟಿಪ್ಪರಿನವರದು. ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಗಂಟೆಗಟ್ಟಲೆ ಐಡಲ್‌ನಲ್ಲಿ ನಿಲ್ಲುವ ಗಾಡಿಗೆ ಬೇಕಾದ ಬಿಸಿ ಸಿಗುವುದೇ ಇಲ್ಲ. ಅವರು ರೀಜನರೇಷನ್‌ಗೆ ದಿನಚರಿಯಲ್ಲೇ ಸಮಯ ಇಡಬೇಕು, ಕಂಪನಿ ಹೇಳಿದ್ದಕ್ಕಿಂತ ಬೇಗ ಬೂದಿ ತೆಗೆಸಲು ಹಣ ತೆಗೆದಿಡಬೇಕು, ಸಾಧ್ಯವಾದರೆ ಪ್ಲಾಂಟಿನವರೊಂದಿಗೆ ಮಾತಾಡಿ ಕಾಯುವ ಸಮಯವನ್ನು ಕಡಿಮೆ ಮಾಡಿಸಿಕೊಳ್ಳಬೇಕು. ಸಂಡೂರು, ಬಳ್ಳಾರಿಯ ಅದಿರಿನ ಟಿಪ್ಪರುಗಳಿಗೆ ಏರ್ ಫಿಲ್ಟರ್ ಮೇಲೆ ಮಾಡುವ ಖರ್ಚು ಎಕ್ಸಾಸ್ಟಿನ ಖರ್ಚನ್ನು ಉಳಿಸುತ್ತದೆ.

ಸೆಕೆಂಡ್ ಹ್ಯಾಂಡ್ ಬಿಎಸ್ 6 ಲಾರಿ ಕೊಳ್ಳುವವರು, ಹಿಂದಿನವರು ಮಾಡಿಸಿದ ಮಾರ್ಪಾಡಿನ ಹೊಣೆ ತಮ್ಮ ಹೆಸರಿಗೆ ಬರುತ್ತದೆಂಬುದನ್ನು ನೆನಪಿಡಬೇಕು. ಎಂಜಿನ್ ತಣ್ಣಗಿದ್ದಾಗ ಟೇಲ್ ಪೈಪಿನ ಒಳಗೆ ಬೆರಳಾಡಿಸಿ ನೋಡಿ. ಡಿಪಿಎಫ್ ನೆಟ್ಟಗಿದ್ದರೆ ಬೆರಳಿಗೆ ಕಪ್ಪು ಮಸಿ ಹತ್ತುವುದಿಲ್ಲ. ಹತ್ತಿದರೆ ಜರಡಿ ಒಡೆದಿದೆ ಅಥವಾ ತೆಗೆದಿದ್ದಾರೆ. ಎಕ್ಸಾಸ್ಟ್ ಡಬ್ಬದ ಮೇಲೆ ಕಾರ್ಖಾನೆಯದಲ್ಲದ ವೆಲ್ಡಿಂಗ್ ಗೆರೆ ಇದೆಯೇ, ಆಡ್‌ಬ್ಲೂ ಮುಚ್ಚಳದ ಸುತ್ತ ವರ್ಷಗಟ್ಟಲೆ ತೆರೆಯದಂತೆ ಧೂಳು ಕೂತಿದೆಯೇ, ಕೀ ತಿರುಗಿಸಿದಾಗ ಎಚ್ಚರಿಕೆಯ ದೀಪಗಳು ಒಮ್ಮೆ ಹೊತ್ತಿ ಆರುತ್ತವೆಯೇ ಎಂದು ನೋಡಿ. ಆಮೇಲೆ ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ, ಇಸಿಎಂ ಸಾಫ್ಟ್‌ವೇರ್ ಕಂಪನಿಯದ್ದೇ ಎಂದು ಖಚಿತವಾದ ಮೇಲೆ ಮುಂಗಡ ಕೊಡಿ. ಡಿಪಿಎಫ್ ಇಲ್ಲದ ಗಾಡಿ ಎಂದು ಗೊತ್ತಾದರೂ ಕೊಳ್ಳಲೇಬೇಕಿದ್ದರೆ, ಹೊಸ ಜೋಡಣೆಯ ಎಸ್ಟಿಮೇಟನ್ನು ಅದೇ ಸರ್ವೀಸ್ ಸೆಂಟರಿನಿಂದ ಬರೆಸಿಕೊಂಡು ಆ ಮೊತ್ತವನ್ನು ಮಾರುವವರ ಬೆಲೆಯಿಂದ ಕಳೆದು ಮಾತಾಡಿ.